ಹುಳುಮನೆಗೆ ಥರ್ಮೋಸ್ಟಾಟ್ ಆರಿಸಿದ್ದು

ಹಬೆಯಿಂದ ಕಾಯುವ ಮನೆಗೆ ಯಾವ ಥರ್ಮೋಸ್ಟಾಟ್ ಒಳ್ಳೆಯದು ಎಂದು, ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ತರುಣರು ಈಚೆಗೆ ನನ್ನನ್ನು ಕೇಳಿದರು. ನಾನು ಕಂಪನಿಯ ಹೆಸರು ಹೇಳಬಹುದೆಂದು ಒಬ್ಬರು ಪೆನ್ನು ತೆರೆದು ಕೂತಿದ್ದರು. ಹೆಸರು ಹೇಳಿದ್ದರೆ ಎರಡು ನಿಮಿಷದ ಮಾತು. ಆದರೆ ಅಂಥದೊಂದನ್ನು ನಾನು ಆರಿಸಿದ್ದು ಹೇಗೆ, ಆರಿಸುವಾಗ ಎಲ್ಲಿ ತಪ್ಪಿದೆ, ಆರಿಸಿದ ಮೇಲೆ ಇನ್ನೂ ದೊಡ್ಡ ತಪ್ಪನ್ನು ಹೇಗೆ ಮಾಡಿದೆ ಎಂಬುದನ್ನು ಹೇಳದೆ ಬರೀ ಹೆಸರು ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಯಾರ ಉಪಯೋಗಕ್ಕೂ ಬರುವುದಿಲ್ಲ, ಅದನ್ನು ಬಿಟ್ಟಿದ್ದೇನೆ.

ಸ್ವಾತಂತ್ರ್ಯ ಬಂದ ಮರುವರ್ಷ ಮೈಸೂರಿನ ಕೆಸರೆಯ ಕಡೆಯ ಒಂದು ಖಾಸಗಿ ರೇಷ್ಮೆ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದೆ. ಮನೆ ಕುಂಬಾರಕೊಪ್ಪಲಿನಲ್ಲಿ, ಅಪ್ಪನದು ಬೇಸಾಯ. ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೆ. ಕಾರ್ಖಾನೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಷೆಡ್ಡು ಒಂದು, ಅದಕ್ಕೆ ಹಬೆ ಕೊಡುವ ಬಾಯ್ಲರ್ ಒಂದು, ಬಾಯ್ಲರಿನ ಆಚೆಗೆ ಹೆಂಚಿನ ಉದ್ದನೆಯ ಕಟ್ಟಡ ಒಂದು. ಆ ಕಟ್ಟಡವನ್ನು ಎಲ್ಲರೂ ಹುಳುಮನೆ ಎನ್ನುತ್ತಿದ್ದರು. ರೇಷ್ಮೆ ಮೊಟ್ಟೆಯನ್ನು ಮರಿಯಾಗುವವರೆಗೆ ಕಾಪಾಡುವ ಜಾಗ ಅದು. ಮೊಟ್ಟೆಗೆ ಎಪ್ಪತ್ತೇಳು ಡಿಗ್ರಿ ಫ್ಯಾರನ್‌ಹೀಟ್ ಬೇಕು, ಹಗಲೂ ರಾತ್ರಿ ಒಂದೇ ಸಮ. ಮೈಸೂರಿನ ಮಳೆಗಾಲದಲ್ಲೂ ಅದರ ಹಿಂದೆ ಬರುವ ಚಳಿಯಲ್ಲೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ. ಕಾಯಿಸಬೇಕು.

ಹುಳುಮನೆಯನ್ನು ನೋಡಿಕೊಳ್ಳುತ್ತಿದ್ದವರು ಫಿಲೋಮಿನಮ್ಮ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಊರಿನ ಹಳೆಯ ಕ್ಯಾಥೊಲಿಕ್ ಕುಟುಂಬದವರು. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ನೇರ ಕೆಲಸಕ್ಕೆ ಬರುತ್ತಿದ್ದರು. ಬಿಳಿ ಗೂಡು ಕಟ್ಟುವ ಒಂದು ಹೊರದೇಶದ ತಳಿಯನ್ನು ಅವರು ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಂಡು ಬಂದಿದ್ದರು. ಪ್ರತಿ ಸಲವೂ ಗೂಡುಗಳನ್ನು ಕೈಯಲ್ಲಿ ಹಿಡಿದು, ತೂಗಿ, ಬೆಳಕಿಗೆ ಹಿಡಿದು ನೋಡಿ ಮುಂದಿನ ಮೊಟ್ಟೆಗೆ ಆರಿಸುತ್ತಿದ್ದರು. ಆ ತಳಿ ಬೇರೆಲ್ಲಿಯೂ ಇರಲಿಲ್ಲ ಎಂದು ಅವರೇ ಹೇಳಿ ಕೇಳಿದ್ದೇನೆ. ಇದ್ದರೂ ನಮಗೆ ಗೊತ್ತಿರಲಿಲ್ಲ.

ನಾನು ಸೇರಿದಾಗ ಹುಳುಮನೆಯನ್ನು ಇದ್ದಿಲಿನ ಅಗ್ಗಿಷ್ಟಿಕೆಗಳಿಂದ ಕಾಯಿಸುತ್ತಿದ್ದರು. ಒಂದು ಮೂಲೆ ಬೇಯುತ್ತಿತ್ತು, ಇನ್ನೊಂದು ಮೂಲೆ ತಣ್ಣಗಿರುತ್ತಿತ್ತು. ಹೆಂಗಸರ ಕಣ್ಣು ಸದಾ ಕೆಂಪು. ಬಾಗಿಲು ಮುಚ್ಚಿ ಕೂತಿದ್ದ ಒಬ್ಬರು ಇದ್ದಿಲ ಹೊಗೆಗೆ ತಲೆ ಸುತ್ತಿ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಹೊರಗೆ ಗಾಳಿಗೆ ಮಲಗಿಸಿದ ಮೇಲೆ ಎದ್ದು ಕೂತರು. ಎರಡು ಸಲ ಫಿಲೋಮಿನಮ್ಮನವರ ತಳಿಯ ಮೊಟ್ಟೆ ಅರ್ಧಕ್ಕರ್ಧ ಸತ್ತಿತು. ಆಗ ನಮ್ಮ ಸೂಪರಿಂಟೆಂಡೆಂಟರು ಅವರನ್ನು ಕರೆಸಿ, ಇನ್ನೊಂದು ಸಲ ಹೀಗಾದರೆ ತಳಿ ಕಾಪಾಡುವ ಕೆಲಸ ನಿಲ್ಲಿಸಿ ಹೊರಗಿನಿಂದಲೇ ಮೊಟ್ಟೆ ತರಿಸುವುದೆಂದು ಯಜಮಾನರು ತೀರ್ಮಾನಿಸಿದ್ದಾರೆ ಎಂದರು. ನಾನು ಆ ಹೊತ್ತಿಗೆ ಅದೇ ಕೋಣೆಯ ಕಿಟಕಿಯ ತಿರುಪು ಬಿಗಿಯುತ್ತಿದ್ದೆ. ಫಿಲೋಮಿನಮ್ಮ ಅಳಲಿಲ್ಲ, ವಾದ ಮಾಡಲಿಲ್ಲ. "ಹಬೆ ಕೊಡ್ಸಿ ಸಾರ್, ಬಾಯ್ಲರ್ ಪಕ್ಕದಲ್ಲೇ ಇದೆ" ಎಂದು ಮಾತ್ರ ಹೇಳಿದರು.

ಹಬೆ ಕೊಡಿಸಿದರು. ಗೋಡೆಯ ಬುಡದುದ್ದಕ್ಕೂ ಕೊಳವೆ ಓಡಿಸಿದೆವು. ಬಾಯ್ಲರ್ ನೋಡುತ್ತಿದ್ದವರು ಮರಿಗೌಡಣ್ಣ, ನಮ್ಮ ಕುಂಬಾರಕೊಪ್ಪಲಿನವರೇ. ಮೊದಲ ದಿನ ನಾನು ಅವಸರದಿಂದ ವಾಲ್ವು ಪೂರ್ತಿ ತಿರುಗಿಸಿಬಿಟ್ಟೆ. ಕೊಳವೆಯಲ್ಲಿ ನಿಂತಿದ್ದ ನೀರನ್ನು ಹಬೆ ತಳ್ಳಿಕೊಂಡು ಹೋಗಿ ತಿರುವಿನಲ್ಲಿ ಬಡಿಯಿತು. ಸುತ್ತಿಗೆಯಿಂದ ಹೊಡೆದ ಹಾಗೆ ಇಡೀ ಕಟ್ಟಡ ಗಡಗಡ ಅಂತು.

"ಲೋ ಪುಟ್ಟಸ್ವಾಮಿ, ಕೊಳಾಯಿ ಅಂದ್ಕೊಂಡ್ಯೇನೋ? ಒಸಿ ಒಸೀನೇ ಬುಡ್ಬೇಕು ಕಣೋ! ನೀರು ಓಗೋಕೆ ಟೈಮ್ ಕೊಡು!" ಎಂದು ಮರಿಗೌಡಣ್ಣ ಬಾಯ್ಲರಿನ ಹತ್ತಿರದಿಂದಲೇ ಕೂಗಿದರು.

ಹಬೆಯ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಒಳ್ಳೆಯ ಮಾತಿಲ್ಲ.

ಕೈಯಲ್ಲಿ ವಾಲ್ವು ತಿರುಗಿಸಿ ಎಪ್ಪತ್ತೇಳಕ್ಕೆ ನಿಲ್ಲಿಸುವುದು ಆಗದ ಕೆಲಸ. ಷೆಡ್ಡಿನಲ್ಲಿ ಗೂಡು ಬೇಯಿಸಲು ಹಬೆ ಎಳೆದರೆ ಇಲ್ಲಿ ಬಿಸಿ ಇಳಿಯುತ್ತಿತ್ತು. ಅಲ್ಲಿ ಊಟಕ್ಕೆ ಬಿಟ್ಟರೆ ಇಲ್ಲಿ ಏರುತ್ತಿತ್ತು. ಗಂಟೆಗೊಮ್ಮೆ ಯಾರಾದರೂ ಹೋಗಿ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆದು ವಾಲ್ವು ತಿರುಗಿಸಬೇಕಿತ್ತು. ಬಿಸಿಯನ್ನು ತಾನೇ ಹಿಡಿದಿಡುವ ಥರ್ಮೋಸ್ಟಾಟ್ ತರಿಸೋಣ ಎಂದು ಸೂಪರಿಂಟೆಂಡೆಂಟರೇ ಹೊರಟರು. ಅವರನ್ನು ನಾವು ರಾಯರು ಎನ್ನುತ್ತಿದ್ದೆವು. ಕೋಟಿನ ಗುಂಡಿ ಹಾಕದೆ ಕಾರ್ಖಾನೆಗೆ ಕಾಲಿಟ್ಟವರಲ್ಲ. ಒಂದು ಬೆಳಿಗ್ಗೆ ನನ್ನನ್ನು ಕರೆಸಿ ಒಂದು ಕ್ಯಾಟಲಾಗ್ ತೋರಿಸಿದರು. ಹಿಮ ಬಿದ್ದ ಒಂದು ಮನೆಯ ಚಿತ್ರ. ಒಳಗೆ ಒಬ್ಬ ಹೆಂಗಸು ಗೋಡೆಯ ಮೇಲಿನ ದುಂಡು ಮುಖವನ್ನು ಒಂದು ಬೆರಳಿನಿಂದ ತಿರುಗಿಸುತ್ತಿದ್ದಳು.

"ಮನೆಗೆ ಅಂತಾನೇ ಬರೆದಿದೆ ನೋಡಯ್ಯ. ನಮ್ಮದೂ ಮನೇನೇ ತಾನೆ?"

"ಹುಳುಮನೆ ಸಾರ್."

"ಅವಳಿಗೆ ಚಳಿಯಾದ್ರೂ ಹುಳಕ್ಕೆ ಚಳಿಯಾದ್ರೂ ಡಿಗ್ರಿ ಅದೇ ಅಲ್ವೇನಯ್ಯ?"

ನಾನೂ ಒಪ್ಪಿದೆ. ರಾಯರು ಹೇಳಿದರೆಂದು ಮಾತ್ರ ಒಪ್ಪಿದ್ದಲ್ಲ. ಕರೆಂಟಿನಿಂದ ನಡೆಯುವ ಯಂತ್ರ, ಹೊಳೆಯುವ ಹಿತ್ತಾಳೆ ಮುಖ. ನನಗೆ ಅದನ್ನು ಬಿಚ್ಚಿ ನೋಡುವ ಆಸೆ. ವಸ್ತು ಎಲ್ಲಿ ಕೆಲಸ ಮಾಡಬೇಕು ಎಂದು ಕೇಳುವ ಮೊದಲೇ ವಸ್ತುವನ್ನು ಇಷ್ಟಪಟ್ಟೆ. ಇದು ನನ್ನ ಮೊದಲ ತಪ್ಪು.

ಥರ್ಮೋಸ್ಟಾಟ್ ಬಂತು. ಬಿಸಿ ಎಪ್ಪತ್ತೇಳು ಮುಟ್ಟಿದೊಡನೆ ಟಕ್ ಎಂದು ಹಬೆ ಮುಚ್ಚುವುದು, ಎಪ್ಪತ್ತೈದಕ್ಕೆ ಇಳಿದರೆ ಟಕ್ ಎಂದು ತೆರೆಯುವುದು ಅದರ ಕೆಲಸ. ಬರುವವರಿಗೆ ಕಾಣಲಿ ಎಂದು ರಾಯರು ಅದನ್ನು ಬಾಗಿಲಿನ ಪಕ್ಕದ ಗೋಡೆಗೆ ಹಾಕಿಸಿದರು. ಫಿಲೋಮಿನಮ್ಮ ಒಳಗೆ ಬಂದು ನೋಡಿದರು.

"ಚೆನ್ನಾಗಿದೆ. ಖಾಲಿ ಮನೆ ಕಾಯ್ಸಿ ತೋರಿಸ್ರೀ ಮೊದ್ಲು. ನನ್ನ ಮೊಟ್ಟೆ ಆಮೇಲೆ ತರ್ತೀನಿ."

ಖಾಲಿ ಮನೆಯನ್ನೇ ಕಾಯಿಸಿದೆವು. ಅವರು ತಮ್ಮದೇ ಥರ್ಮಾಮೀಟರನ್ನು ತಟ್ಟೆಗಳ ಅಟ್ಟಣೆಯ ನಡುವೆ ತೂಗುಹಾಕಿ ಒಂದು ಸ್ಟೂಲಿನ ಮೇಲೆ ಕೂತರು. ನಾನು ಹತ್ತು ನಿಮಿಷಕ್ಕೊಮ್ಮೆ ಓದಿ ಬರೆದೆ. ಎಪ್ಪತ್ತೇಳಕ್ಕೆ ಟಕ್ ಅಂತು. ರಾಯರು ನನ್ನ ಕಡೆ ನೋಡಿ ನಕ್ಕರು. ಹತ್ತು ನಿಮಿಷದಲ್ಲಿ ಎಪ್ಪತ್ತೊಂಬತ್ತು. ಇನ್ನು ಹತ್ತಕ್ಕೆ ಎಂಬತ್ತೊಂದು. ಎಂಬತ್ತೆರಡಕ್ಕೆ ಹೋಗಿ ನಿಂತಿತು. ವಾಲ್ವು ಮುಚ್ಚಿತ್ತು, ನಿಜ; ಆದರೆ ಕೊಳವೆಗಳ ತುಂಬ ಹಬೆ ಇತ್ತು, ಕಬ್ಬಿಣ ಕೆಂಡದ ಹಾಗಿತ್ತು. ಆಮೇಲೆ ಇಳಿಯತೊಡಗಿತು. ಎಪ್ಪತ್ತೈದಕ್ಕೆ ವಾಲ್ವು ತೆರೆಯಿತು. ಆದರೆ ತಣ್ಣಗಾದ ಕೊಳವೆಯಲ್ಲಿ ಮತ್ತೆ ಹಬೆ ತುಂಬುವ ಹೊತ್ತಿಗೆ ಮನೆ ಎಪ್ಪತ್ತಮೂರಕ್ಕೆ ಇಳಿದಿತ್ತು. ಹಬೆ ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ. ಯಂತ್ರ ಆ ಕ್ಷಣದ ಬಿಸಿಯನ್ನು ಮಾತ್ರ ನೋಡುತ್ತದೆ.

"ಇದು ತನ್ನ ಮಾತು ತಾನು ಕೇಳ್ತದೆ ಕಣ್ರೀ" ಎಂದರು ಫಿಲೋಮಿನಮ್ಮ. "ಮೊಟ್ಟೆ ಕೇಳಿದ್ದು ಕೇಳಲ್ಲ."

ಬಾಗಿಲಿನ ಗಾಳಿ ತಗಲುತ್ತಿದೆ ಎಂದು ಅದನ್ನು ಅಲ್ಲಿಂದ ಕಿತ್ತು ಒಳಗಿನ ಗೋಡೆಗೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಮೂರನೆಯ ದಿನ ಕರೆಂಟು ಹೋಯಿತು. ಹಬೆಯ ವಾಲ್ವು ತಾನಾಗಿ ಮುಚ್ಚಿಕೊಂಡಿತು. ಪಕ್ಕದಲ್ಲಿ ಬಾಯ್ಲರ್ ಭರ್ತಿ ಹಬೆ ಹಿಡಿದು ನಿಂತಿದೆ, ಇಲ್ಲಿ ಮನೆ ತಣ್ಣಗಾಗುತ್ತಿದೆ. ಮರಿಗೌಡಣ್ಣ ಬಂದು ಬಾಗಿಲಲ್ಲಿ ನಿಂತು, "ಅಲ್ಲಾ ಬುದ್ದಿ, ಸೌದೆ ಉರಿಸೋನು ನಾನು. ಕರೆಂಟು ಓದ್ರೆ ಇದ್ಯಾಕೆ ಮಕ ಮುಚ್ಕಂಡು ಕೂರ್ತದೆ?" ಎಂದರು. ರಾಯರು ಅದನ್ನು ಗೋಡೆಯಿಂದ ಬಿಚ್ಚಲು ಹೇಳಿದರು.

ಆ ಥರ್ಮೋಸ್ಟಾಟ್ ಕೆಟ್ಟದ್ದಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು. ಒಣಗಿಸಿದ ಗೂಡು ಕೂಡಿಡುವ ಕೋಣೆಗೆ ಅದನ್ನು ಹಾಕಿದೆವು. ಅಲ್ಲಿ ಐದಾರು ಡಿಗ್ರಿ ಆಚೀಚೆಯಾದರೆ ಯಾರೂ ಸಾಯುವುದಿಲ್ಲ. ವರ್ಷಗಟ್ಟಲೆ ನಡೆಯಿತು.

ಎರಡನೆಯ ಸಲ ನಾನು ಕ್ಯಾಟಲಾಗ್ ತೆರೆಯುವ ಮೊದಲು ಹುಳುಮನೆಯಲ್ಲಿ ಒಂದು ಇಡೀ ದಿನ ಕೂತೆ. ಎಲ್ಲಿ ಬಿಸಿ ನಿಲ್ಲುತ್ತದೆ, ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ, ಷೆಡ್ಡಿನವರು ಯಾವಾಗ ಹಬೆ ಎಳೆಯುತ್ತಾರೆ ಎಂದು ಬರೆದುಕೊಂಡೆ. ನಿಮಗೆ ಹೇಳುವ ಒಂದೇ ಉಪದೇಶ ಅದು: ಮೊದಲು ಆ ಮನೆಯಲ್ಲಿ ಕೂರಿ. ನಮಗೆ ಬೇಕಾದದ್ದು ಟಕ್ ಎಂದು ತೆರೆದು ಮುಚ್ಚುವುದಲ್ಲ, ಬಿಸಿ ಏರಿದಷ್ಟೂ ಹಬೆಯನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುವಂಥದು. ಕರೆಂಟಿನ ಹಂಗಿಲ್ಲದ್ದು. ಅಂಥದು ಸಿಕ್ಕಿತು. ಒಂದು ಗೇಣುದ್ದದ ಮುಚ್ಚಿದ ತಾಮ್ರದ ಬುಡ್ಡಿ, ಅದರೊಳಗೆ ದ್ರವ. ಬುಡ್ಡಿಯಿಂದ ವಾಲ್ವಿನವರೆಗೆ ದಾರದಷ್ಟು ಸಣ್ಣ ತಾಮ್ರದ ಕೊಳವೆ. ಕೋಣೆ ಕಾದರೆ ದ್ರವ ಹಿಗ್ಗಿ ವಾಲ್ವನ್ನು ಒತ್ತುತ್ತದೆ, ತಣ್ಣಗಾದರೆ ಸಡಿಲ ಬಿಡುತ್ತದೆ. ಅಷ್ಟೇ. ಅರವತ್ತರಿಂದ ತೊಂಬತ್ತು ಡಿಗ್ರಿಯವರೆಗಿನದನ್ನು ಆರಿಸಿದೆವು. ನಮ್ಮ ಎಪ್ಪತ್ತೇಳು ಅದರ ನಡುವೆ ಬೀಳುತ್ತಿತ್ತು. ನೋಡಲು ಏನೂ ಇಲ್ಲದ ವಸ್ತು. ರಾಯರಿಗೆ ಸ್ವಲ್ಪ ನಿರಾಸೆಯಾಯಿತು.

ಸಣ್ಣ ಕೊಳವೆ ನಮಗೆ ಬೇಕಾದ್ದಕ್ಕಿಂತ ಉದ್ದವಿತ್ತು. ಮರಿಗೌಡಣ್ಣ ಕತ್ತರಿ ಹಿಡಿದು ಬಂದೇಬಿಟ್ಟಿದ್ದರು.

"ಜಾಸ್ತಿ ತಂತಿ ಯಾಕ್ಲಾ ನೇತಾಡ್ತದೆ? ಕತ್ತರಿಸ್ಬುಡ್ತೀನಿ ಇರು."

"ಅಯ್ಯೋ ಅಣ್ಣಾ, ಅದು ತಂತಿಯಲ್ಲ, ಒಳಗೆ ಜೀವ ಇದೆ!"

"ಅಂಗಾರೆ ಸುತ್ತಿ ಇಡು, ತಲೆಗೆ ತಗುಲ್ತದೆ" ಎಂದು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಬುಡ್ಡಿ ಎಲ್ಲಿರಬೇಕು ಎಂದು ತೀರ್ಮಾನಿಸಿದವರು ಫಿಲೋಮಿನಮ್ಮ. ಅಟ್ಟಣೆಯ ನಡುವಿನ ಸಾಲಿನ ಎದುರು, ಜೋಡಿ ಥರ್ಮಾಮೀಟರಿನ ಪಕ್ಕ. ಜೋಡಿ ಥರ್ಮಾಮೀಟರ್ ಪ್ರತಿ ಹುಳುಮನೆಯಲ್ಲೂ ಇರುತ್ತದೆ. ಒಂದರ ತಳಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ಒದ್ದೆ ಆರುವಾಗ ಅದನ್ನು ತಂಪು ಮಾಡುವುದರಿಂದ ಅದು ಇನ್ನೊಂದಕ್ಕಿಂತ ಕಡಿಮೆ ತೋರಿಸುತ್ತದೆ. ಎರಡರ ಅಂತರ ನೋಡಿ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ಇದು ಹುಳುಮನೆಯ ಕಸ ಗುಡಿಸುವವರಿಗೂ ಗೊತ್ತಿದ್ದ ವಿಷಯ. ನನಗೂ ಗೊತ್ತಿತ್ತು.

ಎರಡು ತಿಂಗಳು ಹುಳುಮನೆ ಎಪ್ಪತ್ತಾರರಿಂದ ಎಪ್ಪತ್ತೆಂಟರೊಳಗೆ ನಿಂತಿತು. ಫಿಲೋಮಿನಮ್ಮ ತಮ್ಮ ತಳಿಯ ಚಿಟ್ಟೆಗಳು ಮೊಟ್ಟೆಯಿಟ್ಟ ಕಾಗದದ ಹಾಳೆಗಳನ್ನು ತಂದಿಟ್ಟರು, ಹನ್ನೆರಡು ಹಾಳೆ. ಉಳಿದಿದ್ದದ್ದೇ ಅಷ್ಟು. ದಸರಾ ಬಂತು. ಆಯುಧಪೂಜೆಯ ದಿನಕ್ಕೆ ಮೊಟ್ಟೆಗಳಿಗೆ ಎಂಟು ದಿನ ತುಂಬಿ, ಒಳಗಿನ ಮರಿ ಕಾಣುವಂತೆ ನೀಲಿ ಬಣ್ಣಕ್ಕೆ ತಿರುಗಿದ್ದವು. ಇನ್ನೆರಡು ದಿನದಲ್ಲಿ ಮರಿ.

ಮೈಸೂರಿನಲ್ಲಿ ಆಯುಧಪೂಜೆ ಎಂದರೆ ಹೇಗೆಂದು ಹೇಳಬೇಕಿಲ್ಲ. ಸುತ್ತಿಗೆಯಿಂದ ಬಾಯ್ಲರಿನವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಷೆಡ್ಡಿಗೆ ರಜೆ, ಹುಳುಮನೆಗಾಗಿ ಬಾಯ್ಲರ್ ಮಾತ್ರ ಸಣ್ಣಗೆ ಉರಿಯುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹುಳುಮನೆಯಲ್ಲಿ ಎಪ್ಪತ್ತೇಳು ಎಂದು ನಾನೇ ಬರೆದೆ. ಆಮೇಲೆ, ನಮ್ಮ ಮಾನ ಕಾಪಾಡಿದ ಯಂತ್ರವಲ್ಲವೇ ಎಂದು, ತಾಮ್ರದ ಬುಡ್ಡಿಗೆ ಧಾರಾಳವಾಗಿ ಗಂಧ ಬಳಿದು ಕುಂಕುಮ ಇಟ್ಟು, ಬಾಡದಿರಲೆಂದು ನೀರಿನಲ್ಲಿ ನೆನೆಸಿಟ್ಟಿದ್ದ ಸೇವಂತಿಗೆ ಹಾರವನ್ನು ಅದಕ್ಕೆ ಎರಡು ಸುತ್ತು ಸುತ್ತಿ ಕೈಮುಗಿದೆ. ಬಾಗಿಲು ಮುಚ್ಚಿಕೊಂಡು ಬಾಯ್ಲರಿನ ಪೂಜೆಗೆ ಹೋದೆ. ಹತ್ತು ಗಂಟೆಗೆ ಥರ್ಮಾಮೀಟರ್ ನೋಡಬೇಕಿತ್ತು. ಅದು ತಾನೇ ನೋಡಿಕೊಳ್ಳುತ್ತದಲ್ಲ ಎಂದು ನೋಡಲಿಲ್ಲ. ಬೂದುಗುಂಬಳಕಾಯಿ ಒಡೆದರು. ಅಂಗಳದಲ್ಲಿ ಕೂತು ಕಡಲೆಪುರಿ ತಿನ್ನುತ್ತಿದ್ದೆವು.

ಹನ್ನೊಂದರ ಸುಮಾರಿಗೆ ಫಿಲೋಮಿನಮ್ಮ ಅಂಗಳಕ್ಕೆ ಬಂದರು. ರಜೆಯಾದರೂ ಮೊಟ್ಟೆ ನೋಡಲು ಬಂದಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

"ಪೂಜೆ ಮುಗೀತಾ ಪುಟ್ಟಸ್ವಾಮಿಯವ್ರೇ?"

"ಮುಗೀತಮ್ಮ. ಪುರಿ ತಗೊಳ್ಳಿ."

"ಆಮೇಲೆ ತಗೋತೀನಿ. ಒಂಚೂರು ಬನ್ನಿ."

ಹುಳುಮನೆಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು. ಅವರು ಬಂದಾಗ ಎಂಬತ್ತಾರು ಇತ್ತಂತೆ. ನಾನು ನೋಡಿದಾಗ ಎಂಬತ್ತಮೂರು. ಕೈ ವಾಲ್ವನ್ನು ಅವರೇ ಮುಚ್ಚಿ, ಗಾಳಿ ಒಣಗದಿರಲೆಂದು ನೆಲಕ್ಕೆ ಒದ್ದೆ ಗೋಣಿ ಹಾಸಿದ್ದರು. ನಾನು ಸ್ಪ್ಯಾನರ್ ತೆಗೆದುಕೊಂಡು ನೇರವಾಗಿ ಥರ್ಮೋಸ್ಟಾಟಿನ ವಾಲ್ವಿಗೆ ಕೈ ಹಾಕಿದೆ. ಸಿಕ್ಕಿಹಾಕಿಕೊಂಡಿದೆ ಎಂದೆ. ಹಿಂದೆಯೇ ಬಂದಿದ್ದ ಮರಿಗೌಡಣ್ಣ, "ನನ್ ಬಾಯ್ಲರ್ ಮ್ಯಾಕೆ ಆಕ್ಬೇಡ ಕಣೋ, ಪ್ರೆಷರ್ ನೆಟ್ಟಗದೆ, ಬಂದು ನೋಡು" ಎಂದರು.

ಫಿಲೋಮಿನಮ್ಮ ನನ್ನ ತೋಳು ಹಿಡಿದು ತಿರುಗಿಸಿದರು. ಬೆರಳಿನಲ್ಲಿ ಜೋಡಿ ಥರ್ಮಾಮೀಟರಿನ ಒದ್ದೆ ಬಟ್ಟೆ ತೋರಿಸಿದರು. ಆಮೇಲೆ ಪಕ್ಕದ ಹಾರ ತೋರಿಸಿದರು. ಹಾರ ಇನ್ನೂ ಒದ್ದೆಯಾಗಿಯೇ ಇತ್ತು.

ಹೆಚ್ಚು ವಿವರಿಸಬೇಕಿಲ್ಲ. ಒದ್ದೆ ಹೂವಿನೊಳಗೆ ತಣ್ಣಗಿದ್ದ ಬುಡ್ಡಿ, ಮನೆ ತಣ್ಣಗಿದೆ ಎಂದುಕೊಂಡು ಎರಡು ಗಂಟೆ ಕಾಲ ಹಬೆಯನ್ನು ಪೂರ್ತಿ ತೆರೆದಿಟ್ಟಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ.

"ಹಾರ ತೆಗೆದುಬಿಡೋದಲ್ವೇನಮ್ಮ ನೀವು?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನೀವು ಕೈಮುಗಿದಿರೋದನ್ನ ನಾನು ಹೆಂಗ್ರೀ ಕೀಳೋದು? ವಾಲ್ವು ಮುಚ್ಚೋಕೆ ಬರ್ತಿತ್ತು, ಮುಚ್ಚಿದೆ. ಅದನ್ನ ನೀವೇ ತೆಗೀರಿ."

ತೆಗೆದೆ. ಒಣಬಟ್ಟೆಯಿಂದ ಗಂಧವನ್ನು ಒರೆಸಿದೆ. ಅರ್ಧ ಗಂಟೆಯಲ್ಲಿ ಎಪ್ಪತ್ತೆಂಟಕ್ಕೆ ಬಂತು. ಮೊಟ್ಟೆಗಳು ನೀಲಿಯಾಗಿಯೇ ಇದ್ದವು. ಸತ್ತ ಮೊಟ್ಟೆಯೂ ಮೊದಲ ದಿನ ನೀಲಿಯಾಗಿಯೇ ಇರುತ್ತದೆ ಎಂದು ಅವರು ಹೇಳಿದರು. ನಾನು ಕೇಳಿದ್ದಕ್ಕೆ ಹೇಳಿದರು, ಅಷ್ಟೇ, ಚುಚ್ಚಲೆಂದಲ್ಲ. ಅದೇ ಸಂಜೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿಟ್ಟರು. ಕತ್ತಲಲ್ಲಿಟ್ಟು ಒಮ್ಮೆಗೇ ಬೆಳಕಿಗೆ ತೆರೆದರೆ ಮರಿಗಳೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ.

ಮರುದಿನ ರಾಯರು ಪುಸ್ತಕ ತರಿಸಿ ನೋಡಿದರು. ಒಂಬತ್ತು ಗಂಟೆಯದೂ ಹನ್ನೊಂದರದೂ ಇತ್ತು, ಹತ್ತರ ಜಾಗ ಖಾಲಿ. "ಹಬೆಯ ಒತ್ತಡ ಏರುಪೇರಾಯಿತು ಅಂತ ಬರೆಯಯ್ಯ. ಆಗೋದೇ ಅಲ್ವೆ?" ಎಂದರು. ನನ್ನನ್ನು ಉಳಿಸಲು ಹೇಳಿದ ಮಾತು, ಮನುಷ್ಯ ಕೆಟ್ಟವರಲ್ಲ. ಆದರೆ ಒತ್ತಡ ಎಂದರೆ ಮರಿಗೌಡಣ್ಣನ ಹೆಸರು. ಮೊಟ್ಟೆ ಸತ್ತರೆ ತಳಿಯೂ ಹೋಯಿತು, ಅವರ ಮೇಲೆ ಮಾತೂ ಬಂತು. ನಾನು ಹೀಗೆ ಬರೆದೆ: "ಥರ್ಮೋಸ್ಟಾಟಿನ ಬುಡ್ಡಿಗೆ ಒದ್ದೆ ಹಾರ ಸುತ್ತಿದ್ದರಿಂದ ಬಿಸಿ ಎಂಬತ್ತಾರಕ್ಕೆ ಏರಿತು. ಸುತ್ತಿದ್ದು ನಾನು. ಹತ್ತು ಗಂಟೆಗೆ ನೋಡಲಿಲ್ಲ." ಕೆಳಗೆ ಸಹಿ ಹಾಕಿದೆ. ರಾಯರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ಸಹಿಯನ್ನೂ ಹಾಕಿದರು.

ಅದರ ಮಾರನೆಯ ಬೆಳಿಗ್ಗೆ ಆರು ಗಂಟೆಗೆ ನಾನು ಹುಳುಮನೆಯ ಬಾಗಿಲಲ್ಲಿದ್ದೆ. ಯಾರೂ ಕರೆದಿರಲಿಲ್ಲ. ಫಿಲೋಮಿನಮ್ಮ ನನ್ನನ್ನು ನೋಡಿ, "ಕಾಲು ತೊಳೆದು ಬನ್ನಿ" ಎಂದು ಮಾತ್ರ ಹೇಳಿದರು.

ಬಿಸಿ ಮೇಲಕ್ಕೆ ಏರುವುದರಿಂದ ಅಟ್ಟಣೆಯ ಮೇಲಿನ ಸಾಲಿಗೆ ಹೆಚ್ಚು ತಗಲಿರಬೇಕು. ಅವರು ಮೊದಲು ಅಲ್ಲಿಂದಲೇ ತೆಗೆದರು. ಕಪ್ಪು ಕಾಗದ ಬಿಡಿಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಇಟ್ಟರು. ಕಾದೆವು. ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಅಲುಗಿತು. ಉಳಿದದ್ದೆಲ್ಲ ಹಾಗೇ ಇತ್ತು. ಎರಡನೆಯ ಹಾಳೆಯೂ ಅಷ್ಟೇ. ಅವೆರಡನ್ನೂ ಪಕ್ಕಕ್ಕಿಟ್ಟರು. ನಾನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ.

ಮೂರನೆಯದು ಕೆಳಗಿನ ಸಾಲಿನದು. ಕಾಗದ ಬಿಡಿಸಿದಾಗ ಏನೂ ಕಾಣಲಿಲ್ಲ. ಆಮೇಲೆ ಹಾಳೆಯ ಒಂದು ಅಂಚು ಮಸುಕಾಯಿತು. ನನ್ನ ಕಣ್ಣಿಗೆ ಹಾಗನ್ನಿಸಿತು ಎಂದುಕೊಂಡೆ. ನೋಡುತ್ತಿದ್ದಂತೆ ಆ ಮಸುಕು ನಡುವಿನವರೆಗೆ ಹರಡಿ, ಕೂದಲಿನಷ್ಟು ಸಣ್ಣ ಕಪ್ಪು ಮರಿಗಳಾಗಿ ತಲೆಯೆತ್ತಿ ಅತ್ತಿತ್ತ ಆಡಿಸತೊಡಗಿತು. ನಾನು ಬಗ್ಗಿದೆ.

"ಉಸಿರು ಬಿಡಬೇಡಿ ಅದರ ಮೇಲೆ, ಹಾರಿಹೋಗ್ತವೆ" ಎಂದರು.

ನಾಲ್ಕನೆಯದು, ಐದನೆಯದು. ಹನ್ನೆರಡರಲ್ಲಿ ಹತ್ತು ಹಾಳೆ ಕಪ್ಪಾದವು. ಫಿಲೋಮಿನಮ್ಮ ಶಿಲುಬೆಯ ಗುರುತು ಮಾಡಿಕೊಂಡು ಬೆಳಿಗ್ಗೆಯೇ ಕೊಯ್ದು ತಂದಿದ್ದ ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಮಣೆಯ ಮೇಲೆ ಸಣ್ಣಗೆ ಹೆಚ್ಚಿದರು. ಕೋಳಿಗರಿಯಿಂದ ಮರಿಗಳನ್ನು ತಟ್ಟೆಗೆ ಇಳಿಸಿದರು. ಸೊಪ್ಪು ಚೆಲ್ಲುವ ಮೊದಲು, ತಲೆ ಎತ್ತದೆ, "ಎಷ್ಟಿದೆ ನೋಡಿ ಹೇಳ್ರೀ" ಎಂದರು.

ವಾಲ್ವಿನ ಕಡೆ ನೋಡದೆ ಥರ್ಮಾಮೀಟರಿನ ಹತ್ತಿರ ಹೋಗಿ ನಿಂತು ಓದಿದೆ.

"ಎಪ್ಪತ್ತೇಳಮ್ಮ."

ಅವರು ಸೊಪ್ಪು ಚೆಲ್ಲಿದರು.